ಆಪರೇಷನ್ ಆದಮ್ಯಾಲಿನ ನೋವು: ರಿಸರ್ಚ್ ಇಷ್ಟು ಮುಂದ ಹೋಗೇತಿ, ನಮ್ಮ ವಾರ್ಡಿಗೆ ಯಾಕ ಬರವಲ್ದು?

2025ರ ಜನವರಿ ಕೊನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಜೆಟ್ರಿಜಿನ್ ಅನ್ನೋ ಹೊಸ ನೋವಿನ ಗುಳಿಗಿಗೆ ಪರ್ಮಿಶನ್ ಕೊಡ್ತು. ಆಪರೇಷನ್ ನಂತರದ ಜೋರು ನೋವಿಗೆ ಕೊಡಬಹುದು, ಅಫೀಮಿನ ಜಾತಿದಲ್ಲ, ಚಟ ಹತ್ತೂದಿಲ್ಲ ಅಂತ ಭಾಳ ಸದ್ದಾತು. ನೋವಿನ ನರದಾಗ ನೇವ್ 1.8 ಅಂತ ಒಂದು ಸೋಡಿಯಂ ಚಾನೆಲ್ ಐತಿ, ಅದನ್ನ ಬಂದ್ ಮಾಡಿ ಸುದ್ದಿ ಮೆದುಳಿಗೆ ಮುಟ್ಟದಂಗ ಮಾಡತೈತಿ. ಆಗ ರೇಟು ಒಂದು ಗುಳಿಗಿಗೆ 15.50 ಡಾಲರ್ ಇತ್ತು, ಅಂದ್ರ ನಮ್ಮ ಲೆಕ್ಕದಾಗ ಅವಾಗಿನ 1,300 ರೂಪಾಯಿ ಆಜೂಬಾಜು, ಅದೂ ದಿನಕ್ಕ ಎರಡು. ಟ್ರಯಲ್ ಮಾಡಿದ್ದು ಹೊಟ್ಟಿ ಬೊಜ್ಜು ತೆಗಿಸಿಕೊಂಡವರ ಮ್ಯಾಲೆ, ಇನ್ನೊಂದು ಕಾಲಿನ ಹೆಬ್ಬೆರಳ ಗಂಟು ತೆಗಿಸಿಕೊಂಡವರ ಮ್ಯಾಲೆ. ಔಷಧ ಇಲ್ಲದ ಖಾಲಿ ಗುಳಿಗಿಗಿಂತ ಚಲೋ ಕೆಲಸ ಮಾಡ್ತು, ಖರೆ, ಆದ್ರ ಅಲ್ಲೆ ಮೊದಲಿಂದ ಚಾಲ್ತಿ ಇರೋ, ಅಫೀಮಿನ ಜಾತಿ ಹೈಡ್ರೊಕೊಡೋನ್ ಮತ್ತ ಪ್ಯಾರಾಸಿಟಮಾಲ್ ಕೂಡಿದ ಗುಳಿಗಿಗಿಂತ ಹೆಚ್ಚಿಗೇನೂ ನೋವು ಇಳಿಸಲಿಲ್ಲ.

ಔಷಧ ಕೆಟ್ಟದ್ದು ಅಂತ ಹೇಳಾಕತ್ತಿಲ್ಲ. ಅದು ಅವರ ತ್ರಾಸಿಗೆ ಹುಟ್ಟಿದ ಔಷಧ ಅಷ್ಟ. ಅಮೆರಿಕದಾಗ ಆಪರೇಷನ್ ಆದವರಿಗೆ ಅಫೀಮಿನ ಜಾತಿ ಗುಳಿಗಿ ಮುಷ್ಟಿಗಟ್ಲೆ ಕೊಟ್ಟು ಕೊಟ್ಟು ಎಷ್ಟೋ ಜನ ಚಟಕ್ಕ ಬಿದ್ದು ಸತ್ತರು, ಹಿಂಗಾಗಿ ಅಲ್ಲಿ ಕಳೆದ ಹತ್ತು-ಹದಿನೈದು ವರ್ಷದ ರಿಸರ್ಚ್ ಎಲ್ಲಾ "ಮಾರ್ಫಿನ್ ಎಷ್ಟು ಮಿಲಿಗ್ರಾಂ ಉಳೀತು", ಅಂದ್ರ ಅಫೀಮಿನಿಂದ ಬರೋ ಆ ಜೋರು ನೋವಿನ ಔಷಧ ಎಷ್ಟು ಕಡಿಮಿ ಕೊಟ್ರ ಸಾಕಾತು ಅನ್ನೋದರ ಸುತ್ತನ ತಿರಗತೈತಿ. ನಮ್ಮ ಕಡೆ ಕಥಿ ಪೂರಾ ಉಲ್ಟಾ. ಮಾದಕ ವಸ್ತು ತಡಿಯೋ 1985ರ ಎನ್‌ಡಿಪಿಎಸ್ ಕಾಯ್ದೆ ಬಂದಮ್ಯಾಲೆ ಮಾರ್ಫಿನ್ ಇಟ್ಟುಕೊಳ್ಳೋದು ಅಂದ್ರ ಲೈಸೆನ್ಸು, ರಿಜಿಸ್ಟರು, ಒಂದು ಆಂಪ್ಯೂಲ್ ಒಡೆದ್ರೂ ಲೆಕ್ಕ, ಹಿಂಗಾಗಿ ಸಣ್ಣ ಆಸ್ಪತ್ರೆಗಳು ಅದರ ಉಸಾಬರಿನ ಬ್ಯಾಡ ಅಂತ ಬಿಟ್ಟುಬಿಟ್ಟವು. 2014ರಾಗ ಕಾಯ್ದೆ ತಿದ್ದುಪಡಿ ಮಾಡಿ ಮಾರ್ಫಿನ್, ಫೆಂಟನಿಲ್ ಅಂಥ ಅವಶ್ಯಕ ಔಷಧಕ್ಕ ದೇಶಕ್ಕೆಲ್ಲಾ ಒಂದ ನಿಯಮ ಮಾಡಿದ್ರು, ಆದ್ರ ರೂಢಿ ಬದಲಾಗಲಿಲ್ಲ. ಗದಗದಾಗೋ ರಾಣೆಬೆನ್ನೂರಿನಾಗೋ ಒಂದು ಸಣ್ಣ ನರ್ಸಿಂಗ್ ಹೋಮಿನಾಗ ಹರ್ನಿಯಾ ಆಪರೇಷನ್ ಆದವಂಗ ಸಿಗೋದು ಡೈಕ್ಲೋ ಇಂಜೆಕ್ಷನ್, ಭಾಳ ಅಂದ್ರ ಟ್ರಮಡಾಲ್ (ಅಫೀಮಿನ ಜಾತಿದ, ಆದ್ರ ಹಗುರಿಂದು), ಮನಿಗೆ ಹೋಗುವಾಗ ಪ್ಯಾರಾಸಿಟಮಾಲ್ ಪಟ್ಟಿ. ಟ್ರಮಡಾಲ್ ಸುದ್ದಾ 2018ರಿಂದ ಎನ್‌ಡಿಪಿಎಸ್ ಒಳಗ ಬಂದೈತಿ. ಈಗ ಹೇಳ್ರಿ, ಮಾರ್ಫಿನ್ನ ಕೊಡದ ಊರಾಗ ಮಾರ್ಫಿನ್ ಉಳಿಸೋ ರಿಸರ್ಚ್ ತಗೊಂಡು ಏನ್ ಮಾಡೋದು?

ನಮಗ ಬೇಕಾದ ಪ್ರಶ್ನೆ ಬ್ಯಾರೆ. ಅದಕ್ಕ ಉತ್ತರ ಇಲ್ಲ ಅಂತೂ ಅಲ್ಲ. ಕಳೆದ ಮೂವತ್ತು ವರ್ಷದಾಗ ನೋವು ಮತ್ತ ತೊಡಕು ಎರಡೂ ಕಡಿಮಿ ಮಾಡಿದ ಸಂಗತಿಗಳನ್ನ ನೋಡಿದ್ರ ಅದರಾಗ ಭಾಳಷ್ಟು ಪುಕ್ಕಟೆ, ಇಲ್ಲಾ ಅಗದೀ ಸಸ್ತಾ.

ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಾಗ ಒಂದು ಸಾದಾ ಪ್ರಶ್ನೆ ಕೇಳಿದ್ರು: ಆಪರೇಷನ್ ಚಲೋ ಆಗೇತಿ, ಹಂಗಿದ್ರೂ ಈ ಪೇಶಂಟ್ ಇನ್ನೂ ಆಸ್ಪತ್ರೆಯೊಳಗ ಯಾಕ ಬಿದ್ದಾನ? ನೋವು, ವಾಂತಿ, ಹೊಟ್ಟಿ ಉಬ್ಬರ, ಮೂಗಿನಾಗ ನಳಿ, ಉಚ್ಚಿ ನಳಿ, ಹಾಸಿಗಿ ಬಿಟ್ಟು ಏಳದ ಇರೋದು, ಇವು ಎಲ್ಲಾ ಒಂದಕ್ಕೊಂದು ಜೋತು ಬಿದ್ದಾವು, ಹಂಗಾಗಿ ಒಂದೊಂದನ್ನ ಹಿಡಿಯೋದು ಬಿಟ್ಟು ಎಲ್ಲಾನೂ ಕೂಡೇ ಹಿಡೀಬೇಕು ಅಂದ್ರು. ನೋವಿಗೆ ಒಂದ ಔಷಧ ಜಾಸ್ತಿ ಕೊಡೋ ಬದಲಿ ಎರಡು-ಮೂರು ನಮೂನಿದು ಸ್ವಲ್ಪ ಸ್ವಲ್ಪ ಕೊಡೋದು, ಗಾಯದ ಜಾಗಾ ಜೋಮು ಹಿಡಿಸೋದು, ನಳಿಗಳನ್ನ ಲಗೂನ ತೆಗಿಯೋದು, ಅವತ್ತ ಸಂಜಿಗೆ ಕುಂದ್ರಿಸೋದು, ಬಾಯಿಂದ ತಿನ್ನಾಕ ಕೊಡೋದು. ದೊಡ್ಡಗರಳಿನ ಆಪರೇಷನ್ ಆಗಿ ವಾರಗಟ್ಲೆ ಮಲಗತಿದ್ದ ಜನ ಎರಡು-ಮೂರು ದಿನಕ್ಕ ಮನಿಗೆ ಹೋದ್ರು. ಇದನ್ನ ಈಗ ಈರಾಸ್, ಅಂದ್ರ ಆಪರೇಷನ್ ಆದವರು ಲಗೂನ ಚೇತರಿಸಿಕೊಳ್ಳೋ ಪದ್ಧತಿ ಅಂತಾರ, 2010ರಿಂದ ಅದಕ್ಕೊಂದು ಇಂಟರ್‌ನ್ಯಾಷನಲ್ ಸೊಸೈಟಿನೂ ಐತಿ. ಅದರ ಗೈಡ್‌ಲೈನ್ ಓದಿದ್ರ ನಿಮಗ ಮೊದಲ ಹೊಡಿಯೋದು ಉಪವಾಸದ ವಿಷಯ. ಆಪರೇಷನ್‌ಗೆ ಎರಡು ತಾಸು ಮೊದಲಿನ ಮಟ ನೀರು, ಹಾಲಿಲ್ಲದ ಚಾ ಕುಡೀಬಹುದು ಅಂತ ಜಗತ್ತಿನ ದೊಡ್ಡ ಅನಸ್ಥೇಶಿಯಾ ಸಂಘಗಳು ಎಷ್ಟೋ ವರ್ಷದಿಂದ ಹೇಳಾಕತ್ತಾವು (ಹೊಟ್ಟಿ ನಿಧಾನ ಖಾಲಿ ಆಗೋ ತೊಂದ್ರಿ ಇದ್ದವರಿಗೆ, ಎಮರ್ಜೆನ್ಸಿ ಕೇಸಿಗೆ ಇದು ಹತ್ತೂದಿಲ್ಲ). ನಮ್ಮ ಕಡೆ "ರಾತ್ರಿ ಹತ್ತರ ಮ್ಯಾಲೆ ಒಂದು ಹನಿ ನೀರೂ ಬ್ಯಾಡ" ಅಂತ ಹೇಳಿ, ಮರುದಿನ ಲಿಸ್ಟಿನಾಗ ಕಡೀ ನಂಬರ್ ಬಂದ್ರ ಶುಗರ್ ಇದ್ದ ಮುದುಕ ಮಧ್ಯಾಹ್ನ ಮೂರರ ಮಟ ಬಾಯಿ ಒಣಗಿಸಿಕೊಂಡು ಕುಂತಿರ್ತಾನ. ಲಿಸ್ಟು ಯಾವಾಗ ಬದಲಾಗತೈತಿ ಗೊತ್ತಿಲ್ಲ, ಅದಕ್ಕ ಎಲ್ಲಾರಿಗೂ ಒಂದ ರೂಲು, ಕಾರಣ ಅಷ್ಟ.

ಇನ್ನ ಬೆನ್ನಿನ ಇಂಜೆಕ್ಷನ್ ವಿಚಾರಕ್ಕ ಬರ್ರಿ, ಇದನ್ನ ಸ್ವಲ್ಪ ನಿಂತು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ಕರ್ನಾಟಕದಾಗ ನೂರು ಹೆರಿಗಿಯೊಳಗ 31ಕ್ಕಿಂತ ಹೆಚ್ಚು ಸಿಜೇರಿಯನ್, ಅದರಾಗ ಬಹುತೇಕ ಎಲ್ಲಾ ಸ್ಪೈನಲ್, ಅಂದ್ರ ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗ ಜೋಮು ಹಿಡಿಸೋ ಇಂಜೆಕ್ಷನ್ ಕೊಟ್ಟ ಮಾಡ್ತಾರ. ಹೆರಿಗಿ ವಾರ್ಡಿಗೆ ಹೋಗಿ ನೋಡ್ರಿ, ಒಂದೊಂದು ಕಾಟಿನ ಮ್ಯಾಲೆ ಒಬ್ಬೊಬ್ಬ ಬಾಣಂತಿ ದಿಂಬಿಲ್ಲದ ಚಪ್ಪಟಿ ಮಲಗಿರ್ತಾಳ, ಕೂಸು ಆ ಕಡೆ ಅಳತಿರತೈತಿ, ಈಕಿ ಕುತ್ತಿಗಿ ಹೊರಳಿಸಿ ನೋಡಾಕ ಹೋದ್ರ ಅವ್ವ, ಅತ್ತಿ, ಆಯಾ ಮೂರೂ ಮಂದಿ ಒಮ್ಮೆ "ತಲಿ ಎತ್ತಬ್ಯಾಡ" ಅಂತ ಬೈತಾರ. ಚಮಚಾದಾಗ ನೀರು, ಅದೂ ಅಡ್ಡ ಮಲಗಿಸಿ. 24 ತಾಸು ಹಿಂಗ. ತಲಿ ಎತ್ತಿದ್ರ ತಲಿನೋವು ಬರತೈತಿ ಅಂತ ನಂಬಿಕಿ. ಹಾಸಿಗಿ ಹಿಡಿದು ಚಪ್ಪಟಿ ಮಲಗಿಸೋದರಿಂದ ಸ್ಪೈನಲ್ ತಲಿನೋವು ತಪ್ಪೂದಿಲ್ಲ ಅಂತ ಟ್ರಯಲ್‌ಗಳನ್ನೆಲ್ಲಾ ಕೂಡಿಸಿ ಪರೀಕ್ಷಿಸೋ ಕೊಕ್ರೇನ್ ರಿವ್ಯೂ ಸ್ಪಷ್ಟ ಹೇಳೇತಿ. ತಲಿನೋವು ಬರೋದು ಸೂಜಿ ಮಾಡಿದ ತೂತಿನಿಂದ ಬೆನ್ನುಹುರಿ ಸುತ್ತಲಿನ ನೀರು ಸೋರತೈತಿ ಅಂತ. ಹಂಗಾದ್ರ ತಪ್ಪಿಸೋದು ಹೆಂಗ? ಸೂಜಿ ಬದಲಿಸಬೇಕು. ಚೂಪಾದ ಕೊಯ್ಯೋ ತುದಿ ಬದಲಿ ಪೆನ್ಸಿಲ್ ತುದಿಯಂಥ ಸೂಜಿ ಬಳಸಿದ್ರ ನಾರು ಕೊಯ್ಯೂದಿಲ್ಲ, ಸರಿಸಿ ಒಳಗ ಹೋಗತೈತಿ. 2018ರಾಗ ಲ್ಯಾನ್ಸೆಟ್ ಅನ್ನೋ ಮೆಡಿಕಲ್ ಜರ್ನಲ್‌ನಾಗ ಬಂದ ಲೆಕ್ಕ ನೋಡ್ರಿ, 110 ಟ್ರಯಲ್, 31 ಸಾವಿರಕ್ಕೂ ಹೆಚ್ಚು ಪೇಶಂಟ್, ಸೊಂಟಕ್ಕ ಸೂಜಿ ಹಾಕಿದವರೊಳಗ ಹಳೇ ನಮೂನಿ ಸೂಜಿಯಿಂದ ನೂರಕ್ಕ 11 ಮಂದಿಗೆ ತಲಿನೋವು, ಈ ಸೂಜಿಯಿಂದ 4.2. ಸೂಜಿ ರೇಟು ಸ್ವಲ್ಪ ಹೆಚ್ಚು, ಅಷ್ಟ. ಅಂದ್ರ ನಾವು ಸಸ್ತಾ ಸೂಜಿ ಹಾಕಿ, ಅದರ ಖರ್ಚನ್ನ ಬಾಣಂತಿ ಕುತ್ತಿಗಿಯಿಂದ ವಸೂಲಿ ಮಾಡಾಕತ್ತೀವಿ. "ಬೆನ್ನಿಗೆ ಸೂಜಿ ಹಾಕಿದ್ದಕ್ಕ ಜೀವನಪೂರ್ತಿ ಸೊಂಟನೋವು" ಅನ್ನೋ ಮಾತೂ ಹಂಗ, ಹೆರಿಗಿ ನೋವು ಇಳಿಸಾಕ ಬೆನ್ನಿಗೆ ಕೊಡೋ ಎಪಿಡ್ಯೂರಲ್ ಮ್ಯಾಲೆ ನಡೆದ ಟ್ರಯಲ್‌ಗಳೊಳಗ ಅಂಥ ಸಂಬಂಧ ಸಿಕ್ಕಿಲ್ಲ. ಎಪಿಡ್ಯೂರಲ್ ತಗೊಂಡವರಿಗೂ ತಗೊಳ್ಳದವರಿಗೂ ಸೊಂಟನೋವು ಬರೋದು ಹೆಚ್ಚುಕಡಿಮಿ ಒಂದ ಪ್ರಮಾಣದಾಗ.

ಸಿಜೇರಿಯನ್ ನೋವಿಗೆ ಏನ್ ಕೊಡಬೇಕು ಅನ್ನೋದರ ಮ್ಯಾಲೂ ಯುರೋಪಿನ ಪ್ರಾಸ್ಪೆಕ್ಟ್ ಗುಂಪು ಪುರಾವೆ ಜಾಲಾಡಿ ಪಟ್ಟಿ ಮಾಡೇತಿ. ಸ್ಪೈನಲ್ ಔಷಧದ ಜೋಡಿನ ಸಾಸಿವಿ ಕಾಳಿನಷ್ಟೂ ಅಲ್ಲದ ಪ್ರಮಾಣದ ಮಾರ್ಫಿನ್, ಅಂದ್ರ 50ರಿಂದ 100 ಮೈಕ್ರೋಗ್ರಾಂ, ಆಮ್ಯಾಲೆ ಪ್ಯಾರಾಸಿಟಮಾಲ್ ಮತ್ತ ಡೈಕ್ಲೋ ಜಾತಿ ಔಷಧ ಟೈಮಿಗೆ ಸರಿಯಾಗಿ, ಒಂದು ಡೋಸ್ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡು. ಟೈಮಿಗೆ ಸರಿಯಾಗಿ ಅನ್ನೋದನ್ನ ಗಮನಿಸ್ರಿ, "ನೋವಾದ್ರ ಹೇಳ್ರಿ" ಅಂತಲ್ಲ. ಮಾರ್ಫಿನ್ ಇಲ್ಲದಿದ್ರ ಗಾಯಕ್ಕ ಜೋಮಿನ ಔಷಧ ಚುಚ್ಚೋದು, ಇಲ್ಲಾ ಹೊಟ್ಟಿ ಪದರಿನ ನರಕ್ಕ ಬ್ಲಾಕ್ ಕೊಡೋದು, ಅಂದ್ರ ಆ ನರದ ಹತ್ರ ಜೋಮಿನ ಔಷಧ ಚುಚ್ಚೋದು. ಗಾಯಕ್ಕ ಚುಚ್ಚಾಕ ಬೇಕಾದ ಬುಪಿವಕೇನ್ ಎಲ್ಲಾ ಓಟಿಯಾಗೂ ಇರತೈತಿ, ಹೊಲಿಗಿ ಹಾಕೋಕಿಂತ ಮೊದಲ ಸರ್ಜನ್ ಎರಡು ನಿಮಿಷ ತಗೊಂಡು ಚುಚ್ಚಿದ್ರ ಮೊದಲಿನ ಕೆಲವು ತಾಸಿನ ನೋವಿಗೆ ಆಸರಾ ಆಗತೈತಿ.

ಬ್ಲಾಕ್ ವಿಷಯದಾಗ ನಮ್ಮ ದೇಶದ್ದ ಒಂದು ವಿಚಿತ್ರ ತೊಡಕೈತಿ. ಹೊಟ್ಟಿ ಪದರಿಗೆ ಕೊಡೋ ಟ್ಯಾಪ್ ಬ್ಲಾಕ್, 2016ರಾಗ ಬಂದ, ಬೆನ್ನಿನ ಸ್ನಾಯುವಿನ ಕೆಳಗ ಕೊಡೋ ಇಎಸ್‌ಪಿ ಬ್ಲಾಕ್, ಇವನ್ನೆಲ್ಲಾ ಅಲ್ಟ್ರಾಸೌಂಡ್ ಹಚ್ಚಿ ಸೂಜಿ ತುದಿ ಕಣ್ಣಾರೆ ನೋಡಿ ಕೊಟ್ರ ಸೇಫ್. ಆದ್ರ ಹೆಣ್ಣುಭ್ರೂಣ ಹತ್ಯೆ ತಡಿಯಾಕ ತಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅಲ್ಟ್ರಾಸೌಂಡ್ ಮಷಿನ್ ರಿಜಿಸ್ಟರ್ ಆಗಬೇಕು, ಒಂದು ಜಾಗದಿಂದ ಇನ್ನೊಂದು ಜಾಗಕ್ಕ ಸುಮ್ನ ಹೊತ್ತು ಒಯ್ಯಂಗಿಲ್ಲ. ಕಾಯ್ದೆ ಬೇಕಾದ್ದ, ಅದರ ಬಗ್ಗೆ ತಕರಾರಿಲ್ಲ. ಆದ್ರ ನಮ್ಮ ಕಡೆ ಬಹಳ ಅನಸ್ಥೇಶಿಯಾ ಡಾಕ್ಟರು ಒಂದ ಆಸ್ಪತ್ರೆಗೆ ಸೇರಿದವರಲ್ಲ, ಬೆಳಿಗ್ಗೆ ಒಂದು ಕಡೆ ಮಧ್ಯಾಹ್ನ ಇನ್ನೊಂದು ಕಡೆ ಗಾಡಿ ಹೊಡ್ಕೊಂಡು ಓಡಾಡವರು, ಅವರ ಬ್ಯಾಗಿನಾಗ ಸೂಜಿ ಬರತೈತಿ, ಮಷಿನ್ ಬರೂದಿಲ್ಲ. ಕೊಡೋ ಕೈ ಐತಿ, ಔಷಧ ಐತಿ, ನೋಡೋ ಯಂತ್ರ ಬೀಗದಾಗ.

ಎಲ್ಲಾ ರಿಸರ್ಚೂ ನಂಬಬೇಕಂತೇನಿಲ್ಲ, ಈ ಕ್ಷೇತ್ರದಾಗಂತೂ ಕಣ್ಣು ತೆರದ ಓದಬೇಕು. ಅಮೆರಿಕದ ಅನಸ್ಥೇಶಿಯಾ ಡಾಕ್ಟರ್ ಸ್ಕಾಟ್ ರೂಬೆನ್, ಎರಡು-ಮೂರು ನಮೂನಿ ಔಷಧ ಕೂಡಿಸಿ ಕೊಡೋದರ ಬಗ್ಗೆ ದೊಡ್ಡ ಹೆಸರು ಮಾಡಿದ್ದ ಮನಶ್ಯಾ, 2009ರಾಗ ನೋಡಿದ್ರ ಅವನ 21 ಪೇಪರ್‌ಗಳ ಡೇಟಾ ಕಟ್ಟುಕಥಿ ಅಂತ ಹೊರಗ ಬಂತು, ಕೆಲವಕ್ಕ ಪೇಶಂಟ್‌ಗಳ ಇರಲಿಲ್ಲ. ಮರುವರ್ಷ ಆರು ತಿಂಗಳು ಜೈಲಾತು. ಜಪಾನಿನ ಯೋಶಿಟಾಕಾ ಫುಜಿ ಅವನಪ್ಪ, ಆಪರೇಷನ್ ನಂತರದ ವಾಂತಿ ಬಗ್ಗೆ ಬರೆದ ನೂರಕ್ಕೂ ಹೆಚ್ಚು ಪೇಪರ್ ವಾಪಸ್ ತಗೊಂಡ್ರು. ಸುಳ್ಳಲ್ಲದ ಸಣ್ಣ ಟ್ರಯಲ್‌ಗಳೂ ದಾರಿ ತಪ್ಪಿಸ್ತಾವು. ನರದ ನೋವಿಗೆ ಕೊಡೋ ಪ್ರಿಗಾಬಾಲಿನ್, ಗಾಬಾಪೆಂಟಿನ್ ಆಪರೇಷನ್ ಮೊದಲ ಕೊಟ್ರ ನೋವು ಕಡಿಮಿ ಅಂತ ವರ್ಷಗಟ್ಲೆ ಸಣ್ಣ ಸಣ್ಣ ಸ್ಟಡಿ ಬಂದವು, ಎಲ್ಲಾ ಕಡೆ ಕೊಡಾಕ ಹತ್ತಿದ್ರು, 2020ರಾಗ 281 ಟ್ರಯಲ್ ಕೂಡಿಸಿ ಲೆಕ್ಕ ಹಾಕಿದ್ರ ಪೇಶಂಟಿಗೆ ಗೊತ್ತಾಗೋವಷ್ಟು ಫರಕ್ ಏನೂ ಇಲ್ಲ, ಬದಲಿಗೆ ತಲಿ ತಿರಗೋದು ಹೆಚ್ಚು. ಅದಕ್ಕೂ ಮೊದಲ, 2019ರ ಕೊನಿಗೆ, ವಯಸ್ಸಾದವರಿಗೆ ಉಸಿರಾಟ ಮಂದ ಆಗಬಹುದು ಅಂತ ಎಫ್‌ಡಿಎ ಎಚ್ಚರಿಕಿ ಕೊಟ್ಟಿತ್ತು.

ತೊಡಕುಗಳ ವಿಷಯಕ್ಕಂತೂ ದೊಡ್ಡ ಟ್ರಯಲ್ ಬಿಟ್ರ ಗತಿಯಿಲ್ಲ, ಯಾಕಂತ ಒಂದು ಉದಾಹರಣಿ. ಆಪರೇಷನ್ ಟೈಮಿನಾಗ ಹಾರ್ಟ್ ಅಟ್ಯಾಕ್ ತಪ್ಪಿಸಾಕ ಹಾರ್ಟ್ ಬಡಿತ ನಿಧಾನ ಮಾಡೋ ಬೀಟಾ ಬ್ಲಾಕರ್ ಗುಳಿಗಿ ಕೊಡಬೇಕು ಅನ್ನೋದು ಒಂದು ಕಾಲಕ್ಕ ಪಕ್ಕಾ ಮಾತು. 2008ರ ಪೊಯ್ಸ್ ಟ್ರಯಲ್‌ನಾಗ 8,351 ಮಂದಿ ಇದ್ರು, ಹಾರ್ಟ್ ಅಟ್ಯಾಕ್ ಖರೇನ ಕಡಿಮಿ ಆತು, ಆದ್ರ ಸಾವು 2.3ರಿಂದ 3.1 ಪರ್ಸೆಂಟಿಗೆ ಏರ್ತು, ಲಕ್ವಾ ಡಬಲ್ ಆತು. ಅರವತ್ತು ಪೇಶಂಟಿನ ಸ್ಟಡಿಯಾಗ ಇದು ಎಂದೂ ಕಾಣಿಸ್ತಿರಲಿಲ್ಲ.

ಇನ್ನ ಕೀವಿನ ಮಾತು. ಬಡದೇಶದಾಗ ಹೊಟ್ಟಿ ಆಪರೇಷನ್ ಆದವರಿಗೆ ಗಾಯದಾಗ ಸೋಂಕಾಗೋದು ದೊಡ್ಡ ತ್ರಾಸು. ಭಾರತವೂ ಇದ್ದ ಏಳು ದೇಶದ ಫಾಲ್ಕನ್ ಟ್ರಯಲ್ 2021ರಾಗ ಬಂತು, 5,788 ಮಂದಿ. ಚರ್ಮ ಒರಸಾಕ ದುಬಾರಿ ಕ್ಲೋರ್‌ಹೆಕ್ಸಿಡಿನ್ ಚಲೋನೋ ಹಳೇ ಪೊವಿಡೋನ್ ಅಯೋಡಿನ್ ಚಲೋನೋ, ಔಷಧ ಸವರಿದ ಹೊಲಿಗಿ ದಾರ ಚಲೋನೋ ಸಾದಾ ದಾರ ಚಲೋನೋ ಅಂತ ನೋಡಿದ್ರು. ಏನೂ ಫರಕ್ ಬರಲಿಲ್ಲ, ಅಂದ್ರ ದುಬಾರಿದಕ್ಕ ರೊಕ್ಕ ಹಾಕೋದು ಬ್ಯಾಡ. ಮರುವರ್ಷ ಚೀಟಾ ಟ್ರಯಲ್ ಬಂತು. ಇಲ್ಲೂ ಏಳು ದೇಶ, ಭಾರತ ಸೇರಿ, 81 ಆಸ್ಪತ್ರೆ, 13,301 ಪೇಶಂಟ್. ಮಾಡಿದ್ದೇನು? ಒಳಗಿನ ಕೆಲಸ ಮುಗಿದು ಹೊಟ್ಟಿ ಮುಚ್ಚೋ ಹೊತ್ತಿಗೆ ಎಲ್ಲಾರೂ ಒಂದು ನಿಮಿಷ ನಿಂದ್ರೋದು, ಹಳೇ ಗ್ಲೌಸ್ ಕಳಚಿ ಹೊಸಾವು ಹಾಕೋದು, ಕರಳಿಗೆ ಮುಟ್ಟಿಸಿದ ಕತ್ತರಿ-ಚಿಮಟ ಎಲ್ಲಾ ಪಕ್ಕಕ್ಕಿಟ್ಟು ಬ್ಯಾರೆ ಸ್ವಚ್ಛ ಟ್ರೇ ಬಿಚ್ಚಿ ಅದರಿಂದ ಹೊಲಿಯೋದು. ಇಷ್ಟ. ಸೋಂಕು 18.9 ಪರ್ಸೆಂಟಿನಿಂದ 16ಕ್ಕ ಇಳೀತು. ಸಣ್ಣದು ಅನಸಬಹುದು, ನೂರರಾಗ ಮೂರು ಮಂದಿ, ಆದ್ರ ಆ ಮೂರು ಮಂದಿ ಅಂದ್ರ ಗಾಯ ಬಿಚ್ಚಿ ದಿನಾ ಡ್ರೆಸ್ಸಿಂಗಿಗೆ ಬಸ್ ಹತ್ತಿ ಬರೋ ರೋಣದ ಒಬ್ಬ ಕೂಲಿ ಮನಶ್ಯಾ, ಸುಗ್ಗಿ ಪಗಾರ ಪೂರಾ ಹೋದವ. ಡೆಕ್ಸಾಮೆಥಾಸೋನ್ ಕೊಟ್ರ ಸ್ಟಿರಾಯ್ಡು, ಗಾಯ ಕೊಳೀತೈತಿ ಅಂತ ಹೆದರತಿದ್ರಲ್ಲ, ಅದಕ್ಕೂ 8,700ಕ್ಕೂ ಹೆಚ್ಚು ಮಂದಿಯ ಪ್ಯಾಡಿ ಟ್ರಯಲ್ 2021ರಾಗ ಉತ್ತರ ಕೊಟ್ಟೈತಿ, ಶುಗರ್ ಇದ್ದವರೂ ಅದರಾಗ ಇದ್ರು, ಒಂದು ಡೋಸಿನಿಂದ ಸೋಂಕು ಹೆಚ್ಚಾಗಲಿಲ್ಲ.

(ಹಂಗ ನೋಡಿದ್ರ ಎಲ್ಲಾಕಿಂತ ದೊಡ್ಡ ತೊಡಕು ತಪ್ಪಿಸೋದು ಬೇಡದ ಆಪರೇಷನ್ ಮಾಡದ ಇರೋದು. ರಾಣೆಬೆನ್ನೂರು ಭಾಗದಾಗ ಬೇಕಿಲ್ಲದ ಗರ್ಭಕೋಶ ತೆಗೆದ್ರು ಅಂತ ನೂರಾರು ಹೆಣ್ಮಕ್ಕಳು ವರ್ಷಗಟ್ಲೆ ಹೋರಾಟ ಮಾಡ್ಯಾರ, ಅದನ್ನ ಯಾವ ಪೇನ್ ಕಿಲ್ಲರ್ ರಿಸರ್ಚೂ ಸರಿ ಮಾಡೂದಿಲ್ಲ.)

ಈಗ ನಮ್ಮ ಊರಿನ ಲೆಕ್ಕಕ್ಕ ಬರೋಣ. ಹುಬ್ಬಳ್ಳಿಯಾಗ 1957ರಿಂದ ಇರೋ, ಹೆಸರು ಕೆಎಂಸಿಆರ್‌ಐ ಆದ್ರೂ ಆಟೋದವರಿಗೆ ಇನ್ನೂ ಕಿಮ್ಸ್ ಅಂತನ ಹೇಳಬೇಕಾದ ಕಾಲೇಜು, ಸತ್ತೂರಿನ ಎಸ್‌ಡಿಎಂ, ಗದಗಿನ ಜಿಮ್ಸ್, ಹಾವೇರಿಯ ಹಿಮ್ಸ್. ಹುಬ್ಬಳ್ಳಿಯಿಂದ ಯಾವ ಕಡೆ ಹೊಂಟ್ರೂ ಎರಡು ತಾಸಿನ ಒಳಗ ಮುಟ್ಟತೀರಿ. ಇಷ್ಟು ಹತ್ತಿರ ಇಷ್ಟು ಮೆಡಿಕಲ್ ಕಾಲೇಜು, ಸಿಜೇರಿಯನ್, ಹರ್ನಿಯಾ, ಅಪೆಂಡಿಕ್ಸ್, ಗದ್ದಿ ಕೆಲಸದಾಗ ಬಿದ್ದು ಮುರಕೊಂಡ ಎಲುಬು, ಕೇಸಿಗೇನೂ ಬರ ಇಲ್ಲ.

ಆದ್ರ ದೇಶದಾಗೆಲ್ಲಾ ಪಿಜಿ ರಿಸರ್ಚ್ ನಡಿಯೋ ರೀತಿನ ಹಂಗೈತಿ. ಎಂಡಿ ಮಾಡೋ ಹುಡುಗ-ಹುಡುಗಿಗೆ ಥೀಸಿಸ್ ಕಡ್ಡಾಯ, ಟೈಮ್ ಕಡಿಮಿ, ರೊಕ್ಕ ಇಲ್ಲ, ಆದ್ರ ಪಾಸಾಗಬೇಕು. ಹಿಂಗಾಗಿ ಒಂದು ಗುಂಪಿಗೆ ಮೂವತ್ತು, ಇನ್ನೊಂದಕ್ಕ ಮೂವತ್ತು, ಬುಪಿವಕೇನ್ ಜೋಡಿ ಕ್ಲೋನಿಡಿನ್ ಹಾಕಿದ್ರ ಚಲೋನೋ ಡೆಕ್ಸ್‌ಮೆಡಿಟೊಮಿಡಿನ್ ಹಾಕಿದ್ರ ಚಲೋನೋ. ಸಿಟಿಆರ್‌ಐ ರಿಜಿಸ್ಟ್ರಿ, ಅಂದ್ರ ದೇಶದ ಟ್ರಯಲ್‌ಗಳ ಸರ್ಕಾರಿ ಪಟ್ಟಿ, 2007ರಿಂದ ಐತಿ, ಯಾರು ಬೇಕಾದ್ರೂ ತೆಗೆದು ನೋಡಬಹುದು, ಅನಸ್ಥೇಶಿಯಾ ಅಂತ ಹುಡುಕಿದ್ರ ಇಂಥಾವ ಸಾಲುಸಾಲು. ಅಳತಿ ಮಾಡೋದೇನು? ಜೋಮು ಎಷ್ಟು ನಿಮಿಷಕ್ಕ ಹತ್ತಿತು, ಮೊದಲ ಪೇನ್ ಕಿಲ್ಲರ್ ಎಷ್ಟು ತಾಸಿಗೆ ಕೇಳಿದ್ರು, 24 ತಾಸಿನ ಮಟ ನೋವಿನ ಸ್ಕೋರ್. ಅಲ್ಲಿಗೆ ಫೈಲ್ ಬಂದ್. ಹುಡುಗರ ತಪ್ಪಲ್ಲ ಇದು. ಪ್ರತಿಯೊಬ್ಬರೂ ಹೊಸ ಟೈಟಲ್ ತರಬೇಕು ಅನ್ನೋ ಪದ್ಧತಿದು ತಪ್ಪು. ನಾಕು ಕಾಲೇಜಿನ ಪಿಜಿಗಳು ಒಂದ ಪ್ರಶ್ನೆ, ಒಂದ ಫಾರ್ಮ್ ಇಟ್ಟುಕೊಂಡು ಮೂರು ವರ್ಷ ಸತತ ಮಾಡಿದ್ರ ಅರವತ್ತರ ಬದಲಿ ಸಾವಿರಾರು ಪೇಶಂಟಿನ ಉತ್ತರ ಸಿಗತೈತಿ, ಥೀಸಿಸ್ಸೂ ಆಗತೈತಿ. ಪ್ರಶ್ನೆನೂ ಹುಡುಕಬೇಕಾಗಿಲ್ಲ: ಡೈಕ್ಲೋ ಮತ್ತ ಪ್ಯಾರಾಸಿಟಮಾಲ್ ಟೈಮಿಗೆ ಕೊಟ್ರ ಏನಾಗತೈತಿ ಕೇಳಿದಾಗ ಕೊಟ್ರ ಏನಾಗತೈತಿ, ದಿಂಬು ಕೊಟ್ರ ಏನಾಗತೈತಿ, ಆರು ತಾಸಿಗೆ ಉಪ್ಪಿಟ್ಟು ತಿನ್ನಿಸಿದ್ರ ಏನಾಗತೈತಿ.

ಇನ್ನ ಅಳತಿದು. ವಾರ್ಡಿನಾಗ ಬಿಪಿ ಬರೀತಾರ, ಟೆಂಪರೇಚರ್ ಬರೀತಾರ, ನೋವು ಬರೆಯೋ ಕಾಲಮ್ಮ ಬಹಳ ಕಡೆ ಖಾಲಿ. ಬರೆದ್ರೂ ಸೊನ್ನೆಯಿಂದ ಹತ್ತರ ಸ್ಕೇಲು. ನವಲಗುಂದದ ಅಜ್ಜಿಗೆ "ಹತ್ತರಾಗ ಎಷ್ಟು ನೋವೈತಿ ಅಜ್ಜಿ" ಅಂತ ಕೇಳಿದ್ರ "ಹತ್ತಂದ್ರೇನು ಯವ್ವಾ, ಭಾಳ ಐತಿ, ಇರ್ಲಿ ಬಿಡು ತಡಕೋತೀನಿ" ಅಂತಾಳ, ನರ್ಸು ಅದನ್ನ ಮೂರು ಅಂತ ಬರೀತಾಳ. ಸುಮ್ನ ಮಲಗಿದ್ದಾಗ ಕೇಳೋದರ ಬದಲಿ ಕೆಮ್ಮಿಸಿ ನೋಡ್ರಿ, ಎದ್ದು ಬಾತ್‌ರೂಮ್ ಮಟ ನಡಿಸಿ ನೋಡ್ರಿ, ನಡಿಲಿಕ್ಕೆ ಬರವಲ್ದು ಅಂದ್ರ ನೋವು ಇಳಿದಿಲ್ಲ ಅಂತ ಅರ್ಥ, ನಂಬರ್ ಏನರ ಇರ್ಲಿ. ಕೆಮ್ಮದವರಿಗೆ ಕಫ ಕಟ್ಟಿ ನ್ಯುಮೋನಿಯಾ ಬರತೈತಿ, ನಡಿಯದವರ ಕಾಲಾಗ ರಕ್ತ ಹೆಪ್ಪುಗಟ್ಟತೈತಿ, ನೋವೂ ತೊಡಕೂ ಬ್ಯಾರೆ ಬ್ಯಾರೆ ಅಲ್ಲ ಅನ್ನೋದು ಇದಕ್ಕ.

ಮತ್ತ 24 ತಾಸು ಆದಮ್ಯಾಲೆ? ಡಿಸ್ಚಾರ್ಜ್ ಆಗಿ ಸವಣೂರಿಗೋ ಮುಂಡರಗಿಗೋ ಹೋದವರ ಕಥಿ ಯಾರ ಪೇಪರಿನಾಗೂ ಇರೂದಿಲ್ಲ. ಅಲ್ಲಿ ಬದನಿಕಾಯಿ ತಿಂದ್ರ ನಂಜು, ಅನ್ನ ತಿಂದ್ರ ಕೀವು ಅಂತ ಹತ್ತು ದಿನ ಗಂಜಿ ಕುಡಿಸ್ತಾರ, ಮೊದಲ ರಕ್ತ ಕಡಿಮಿ ಇದ್ದಾಕಿ (ನಮ್ಮ ರಾಜ್ಯದಾಗ ಅರ್ಧದಷ್ಟು ಹೆಣ್ಮಕ್ಕಳಿಗೆ ಐತಿ) ಮತ್ತಿಷ್ಟು ಸೊರಗತಾಳ, ಗಾಯ ಮಾಯಾಕ ಬೇಳಿ, ತತ್ತಿ, ಹಾಲು ಬೇಕಂತ ಹೇಳಾಕ ಯಾರೂ ಇಲ್ಲ. ಆಪರೇಷನ್ ಆಗಿ ಮೂರು ತಿಂಗಳಾದ್ರೂ ಉಳಿಯೋ ನೋವಿಗೆ ಈಗ ರೋಗಗಳ ಜಾಗತಿಕ ಪಟ್ಟಿ ಐಸಿಡಿ-11ರೊಳಗ ಬ್ಯಾರೆ ಜಾಗಾನ ಕೊಟ್ಟಾರ, ಹರ್ನಿಯಾ, ಸ್ತನದ ಆಪರೇಷನ್ ಆದವರೊಳಗ ಇದು ಕಡಿಮಿ ಏನಿಲ್ಲ, ಆದ್ರ ಮೂರು ತಿಂಗಳಿಗೆ ಒಂದು ಫೋನ್ ಹಚ್ಚಿ ಕೇಳದಿದ್ರ ಅದು ಇಲ್ಲಂತನ ಲೆಕ್ಕ. ಫೋನ್ ಎಲ್ಲಾರ ಮನ್ಯಾಗೂ ಐತಿ. ಏಳನೇ ದಿನ, ಮೂವತ್ತನೇ ದಿನ, ತೊಂಬತ್ತನೇ ದಿನ ಮೂರು ಕಾಲ್, ಐದೈದು ಪ್ರಶ್ನೆ, ಕನ್ನಡದಾಗ. ಫಾಲ್ಕನ್, ಚೀಟಾ ಟ್ರಯಲ್‌ಗಳೂ ಮೂವತ್ತನೇ ದಿನದ ಮಟ ಬೆನ್ನು ಹತ್ತಿ ಕೇಳಿದ್ದಕ್ಕನ ಆ ಉತ್ತರ ಸಿಕ್ಕಾವು.

ಅಂದಂಗ ಹಾಡಿನದೊಂದು ಹೇಳಲಿಕ್ಕೇಬೇಕು, ಗದಗಿನಾಗ ಹುಟ್ಟಿದ ಭೀಮಸೇನ ಜೋಶಿ, ಹುಬ್ಬಳ್ಳಿಯ ಗಂಗೂಬಾಯಿ ಇದ್ದ ನಾಡಿದು. 2015ರಾಗ ಲ್ಯಾನ್ಸೆಟ್‌ನಾಗ 73 ಟ್ರಯಲ್ ಕೂಡಿಸಿ ನೋಡ್ಯಾರ, ಆಪರೇಷನ್ ಹೊತ್ತಿನಾಗ ಸಂಗೀತ ಕೇಳಿಸಿದ್ರ ನೋವು, ಹೆದರಿಕಿ, ಪೇನ್ ಕಿಲ್ಲರ್ ಬೇಡಿಕಿ ಮೂರೂ ಇಳೀತಾವು. ಹಾಡು ಕೇಳಿದವಂಗ ಕೇಳೀನಿ ಅಂತ ಗೊತ್ತಾಗೇ ಆಗತೈತಿ, ಹಿಂಗಾಗಿ ಇದನ್ನ ಪೂರಾ ನಂಬೋದು ಕಷ್ಟ, ಆದ್ರ ಇಯರ್‌ಫೋನಿಗೆ ಸೈಡ್ ಎಫೆಕ್ಟೇನೂ ಇಲ್ಲಲ್ಲ.

ಕಡೀಕ, ಇಂಥ ಸ್ಟಡಿಗೆ ಸೇರ್ತೀರೇನ್ರಿ ಅಂತ ನಿಮ್ಮನ್ನ ಯಾರರ ಕೇಳಿದ್ರ "ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರ" ಅಂತ ಓಡಿ ಹೋಗೋದೂ ಬ್ಯಾಡ, ಹೆಬ್ಬೆಟ್ಟು ಒತ್ತೋದೂ ಬ್ಯಾಡ. ಕನ್ನಡದಾಗ ಬರೆದ ಮಾಹಿತಿ ಹಾಳಿ ಕೇಳ್ರಿ, ಎಥಿಕ್ಸ್ ಕಮಿಟಿ ಒಪ್ಪಿಗಿ ಆಗೇತೇನು ಕೇಳ್ರಿ, ಸಿಟಿಆರ್‌ಐ ನಂಬರ್ ಕೇಳ್ರಿ. 2018ರ ಏಪ್ರಿಲ್‌ನಿಂದ ಮೊದಲನೇ ಪೇಶಂಟ್ ಸೇರೋಕಿಂತ ಮುಂಚೆನ ಟ್ರಯಲ್ ಅಲ್ಲಿ ರಿಜಿಸ್ಟರ್ ಆಗಿರಬೇಕು. ನಡುವ ಬ್ಯಾಡ ಅನಸಿದ್ರ ಬಿಡಬಹುದು, ಬಿಟ್ರ ಟ್ರೀಟ್‌ಮೆಂಟ್ ನಿಲ್ಲಸಂಗಿಲ್ಲ. ಮತ್ತ ಇನ್ನೊಂದು ಪ್ರಶ್ನೆ ನಿಮ್ಮ ಕಡಿಯಿಂದ ಸೇರಿಸ್ರಿ: ನಾ ಮನಿಗೆ ಹೋದಮ್ಯಾಲೆ ಫೋನ್ ಮಾಡಿ ಕೇಳ್ತೀರೇನು?